ಓದುಗರ ಪ್ರಶ್ನೆ, ನಮ್ಮ ಉತ್ತರ: ಕೃಷ್ಣನಿಗೆ ಹೆಡ್‌ಫೋನ್ ಹಾಕಿದ್ರೆ ಮಾಡರ್ನ್ ಆರ್ಟಾ?

ಪ್ರಶ್ನೆ: ಈಗ ಯಾವ ಕೆಫೆಗೆ ಹೋದ್ರೂ ಗೋಡೆ ಮೇಲೆ ಕೃಷ್ಣನ ಕಿವಿಗೆ ಹೆಡ್‌ಫೋನ್, ಯಕ್ಷಗಾನದ ವೇಷಕ್ಕೆ ಕೂಲಿಂಗ್ ಗ್ಲಾಸು. ಕೇಳಿದ್ರೆ ಸಂಪ್ರದಾಯ ಪ್ಲಸ್ ಆಧುನಿಕತೆ ಅಂತಾರೆ. ನಿಮಗೆ ಇದು ಕಲೆ ಅನ್ಸುತ್ತಾ ಸಾರ್?
- ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಟೀ ಶರ್ಟ್ ಮೇಲೆ ಚೆನ್ನಾಗಿರುತ್ತೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅಲ್ಲಿ ಕೃಷ್ಣ ಕ್ಯಾಲೆಂಡರ್‌ನಿಂದ ಬಂದವ್ನು, ಹೆಡ್‌ಫೋನು ಅಂಗಡಿಯಿಂದ ಬಂದಿದ್ದು, ಒಂದಕ್ಕೂ ಇನ್ನೊಂದಕ್ಕೂ ಮಾತುಕತೆನೇ ಇಲ್ಲ, ನೋಡಿ ನಕ್ಕು ಕಾಫಿ ಕುಡ್ಕೊಂಡು ಎದ್ದು ಬರ್ತೀವಿ ಅಷ್ಟೇ.

ಮಧ್ಯಪ್ರದೇಶದ ಪಾಟನ್‌ಗಢ ಅನ್ನೋ ಹಳ್ಳಿಯ ಚಿತ್ರಕಾರ ಭಜ್ಜು ಶ್ಯಾಮ್ ಮಾಡಿದ್ದು ನೋಡಿ. ಗೊಂಡ ಬುಡಕಟ್ಟಿನ ಪರಧಾನ್ ಪಂಗಡದವ್ರು, ಭೋಪಾಲಕ್ಕೆ ಬಂದು ರಾತ್ರಿ ವಾಚ್‌ಮನ್ ಕೆಲಸ, ಎಲೆಕ್ಟ್ರಿಷಿಯನ್ ಕೆಲಸ ಎಲ್ಲಾ ಮಾಡಿದವ್ರು. ಲಂಡನ್ನಿನ ಒಂದು ಇಂಡಿಯನ್ ರೆಸ್ಟೋರೆಂಟ್ ಗೋಡೆಗೆ ಚಿತ್ರ ಬರೀಲಿ ಅಂತ ಅವರನ್ನ ಕರೆಸ್ಕೊಂಡ್ರು. ವಾಪಸ್ ಬಂದು ಅಲ್ಲಿ ಕಂಡಿದ್ದನ್ನೆಲ್ಲಾ ಬಿಡಿಸಿದ್ರು, ಅದು 2004ರಲ್ಲಿ ಚೆನ್ನೈನ ತಾರಾ ಬುಕ್ಸ್‌ನಿಂದ 'ದಿ ಲಂಡನ್ ಜಂಗಲ್ ಬುಕ್' ಅಂತ ಪುಸ್ತಕ ಆಯ್ತು. ಅದರಲ್ಲಿ ಬಿಗ್ ಬೆನ್ ಗಡಿಯಾರ ಒಂದು ಹುಂಜದ ಜೊತೆ ಸೇರ್ಕೊಂಡಿದೆ, ಗಡಿಯಾರದ ಮುಖನೇ ಹುಂಜದ ಕಣ್ಣು, ಯಾಕಂದ್ರೆ ಅವರ ಊರಲ್ಲಿ ಹೊತ್ತು ಹೇಳೋದು ಹುಂಜ ತಾನೇ. ವಿಮಾನ ಅಂದ್ರೆ ರೆಕ್ಕೆ ಬಂದ ಆನೆ. ನೆಲದಡಿ ಓಡೋ ರೈಲು ಎರೆಹುಳ. ಹಗಲೆಲ್ಲಾ ಕಾಣದೆ ಸಂಜೆ ಆಗ್ತಿದ್ದಂಗೆ ಪಬ್ಬಿಗೆ ಗುಂಪುಗುಂಪಾಗಿ ಬರೋ ಇಂಗ್ಲಿಷ್ ಜನ ಬಾವಲಿಗಳು! ಆನೆ ಕೈಗೆ ಬ್ರೀಫ್‌ಕೇಸ್ ಕೊಡೋ ಕೆಲಸ ಅಲ್ಲ ಇದು, ಲಂಡನ್ನನ್ನೇ ಗೊಂಡರ ಕಣ್ಣಿಂದ ನೋಡಿರೋದು. ನನ್ನ ಪ್ರಕಾರ ವ್ಯತ್ಯಾಸ ಇಷ್ಟೇ, ಹೊಸ ವಸ್ತುವನ್ನ ಹಳೇ ಕಣ್ಣು ನೋಡಿದ್ಯಾ ಅಥವಾ ಹಳೇ ಚಿತ್ರದ ಮೇಲೆ ಹೊಸ ವಸ್ತು ತಂದು ಅಂಟಿಸಿದಾರಾ. 2018ರಲ್ಲಿ ಅವರಿಗೆ ಪದ್ಮಶ್ರೀನೂ ಬಂತು.

ಪ್ರಶ್ನೆ: ಸಾವಿರಾರು ವರ್ಷದ ಬುಡಕಟ್ಟು ಕಲೆ, ಅದ್ರಲ್ಲಿ ರೈಲು ವಿಮಾನ ಬರೆದು ಕೆಡಿಸೋದು ಯಾಕೆ? ಹಂಗೇ ಉಳಿಸ್ಬಾರ್ದಾ?
- ಮಂಡ್ಯದಿಂದ

ಉತ್ತರ: ಯಾವ 'ಹಂಗೇ' ಸ್ವಾಮಿ? ಪರಧಾನರು ಮೂಲದಲ್ಲಿ ಹಾಡುಗಾರರು, ಬಾನಾ ಅನ್ನೋ ತಂತಿ ವಾದ್ಯ ನುಡಿಸ್ತಾ ಗೊಂಡರ ದೊಡ್ಡ ದೇವರು ಬಡಾದೇವ್ ಕಥೆ ಹಾಡಿಕೊಂಡು ಬಂದವ್ರು. ಮನೆ ಗೋಡೆ ಮೇಲೆ ಅಲಂಕಾರ ಇತ್ತು, ಆದ್ರೆ ಕಾಗದದ ಮೇಲೆ, ಕ್ಯಾನ್ವಾಸ್ ಮೇಲೆ ನಾವೀಗ ನೋಡೋ ಗೊಂಡ್ ಚಿತ್ರ ಶುರುವಾಗಿದ್ದು 1980ರ ದಶಕದಲ್ಲಿ. ಭೋಪಾಲದ ಕಲಾಕೇಂದ್ರ ಭಾರತ್ ಭವನ್‌ಗೋಸ್ಕರ ಚಿತ್ರಕಾರ ಜೆ. ಸ್ವಾಮಿನಾಥನ್ ಕಳಿಸಿದ ತಂಡದ ಕಣ್ಣಿಗೆ ಪಾಟನ್‌ಗಢದಲ್ಲಿ ಜನ್‌ಗಢ್ ಸಿಂಗ್ ಶ್ಯಾಮ್ ಅನ್ನೋ ಹುಡುಗನ ಚಿತ್ರ ಬಿತ್ತು, ಅವನನ್ನ ಭೋಪಾಲಕ್ಕೆ ಕರ್ಕೊಂಡು ಬಂದ್ರು, ಬಣ್ಣ ಕಾಗದ ಕೈಗೆ ಕೊಟ್ರು. ಅಲ್ಲೀತನಕ ಹಾಡಲ್ಲಿ ಮಾತ್ರ ಇದ್ದ ದೇವರುಗಳು ಚುಕ್ಕಿ ಚುಕ್ಕಿಯಾಗಿ ಕಾಗದಕ್ಕೆ ಇಳಿದ್ವು. 1989ರಲ್ಲಿ ಪ್ಯಾರಿಸ್‌ನ ದೊಡ್ಡ ಪ್ರದರ್ಶನದಲ್ಲಿ ಅವರ ಚಿತ್ರ ಇತ್ತು. ಈ ಶೈಲಿಗೆ ಜನ್‌ಗಢ್ ಕಲಮ್ ಅಂತ ಅವರ ಹೆಸರೇ ಬಂದಿದೆ. ಭಜ್ಜು ಕೂಡ ಅವರ ಸಂಬಂಧಿಕರೇ, ಅವರ ಹತ್ರನೇ ಕಲಿತವ್ರು. ಅಂದ್ರೆ ನೀವು ಸಾವಿರಾರು ವರ್ಷದ್ದು ಅಂತಿರೋದು ಅಜ್ಜಂದಿರ ಕಥೆ, ಚಿತ್ರಕ್ಕೆ ಇನ್ನೂ ಐವತ್ತು ಆಗಿಲ್ಲ.

ಬಂಗಾಳದ ಪಟುವಾಗಳೂ ಹಂಗೇ. ಪಟ ಅನ್ನೋ ಉದ್ದದ ಚಿತ್ರಸುರುಳಿ ಬಿಚ್ತಾ ಹಾಡ್ತಾ ಕಥೆ ಹೇಳೋ ಜನ, ಬಹಳಷ್ಟು ಮುಸ್ಲಿಮರು, ಹಾಡೋದು ಹಾವಿನ ದೇವತೆ ಮನಸಾದೇವಿ ಕಥೆ. ಅವರೇ ನ್ಯೂಯಾರ್ಕಿನ ಅವಳಿ ಗೋಪುರ ಬಿದ್ದಿದ್ದನ್ನೂ 2004ರ ಸುನಾಮಿಯನ್ನೂ ಪಟ ಮಾಡಿ ಹಾಡಿದ್ರು. ಊರಿಗೆ ಸುದ್ದಿ ಹೇಳೋದೂ ಅವರ ಕಸುಬೇ ಆಗಿತ್ತಲ್ಲ, ಇದ್ರಲ್ಲಿ ಕೆಡೋದೇನು ಬಂತು?

ಪ್ರಶ್ನೆ: ಎಲ್ಲಾ ಹೊರಗಿನವರದ್ದೇ ಹೇಳ್ತೀರಾ, ನಮ್ಮವರು ಯಾರೂ ಇಲ್ವಾ?
- ಮೈಸೂರು ಓದುಗ

ಉತ್ತರ: ನಿಮ್ಮೂರಲ್ಲೇ ಇದಾರಲ್ಲ ಮಾರಾಯ್ರೆ, ಚಿತ್ರಕಾರ ಎನ್.ಎಸ್. ಹರ್ಷ! 2008ರಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ ಕೊಡೋ ಆರ್ಟೆಸ್ ಮುಂಡಿ ಕಲಾ ಬಹುಮಾನ ತಗೊಂಡ್ರು, 2017ರಲ್ಲಿ ಟೋಕಿಯೋದ ಮೋರಿ ಮ್ಯೂಸಿಯಂ ಅವರ ಇಡೀ ಕೆಲಸದ ದೊಡ್ಡ ಪ್ರದರ್ಶನ ಮಾಡ್ತು. ಅವರ ಚಿತ್ರದಲ್ಲಿ ನೂರಾರು ಸಣ್ಣ ಸಣ್ಣ ಜನ ಊಟದ ಪಂಕ್ತಿ ಥರ ಸಾಲಾಗಿ ಕೂತಿರ್ತಾರೆ. 'ಕಮ್ ಗಿವ್ ಅಸ್ ಎ ಸ್ಪೀಚ್' ಅನ್ನೋದ್ರಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಸುಮಾರು 2000 ಜನ ಭಾಷಣಕ್ಕೆ ಕಾಯ್ತಾ ಕೂತಿದಾರೆ, ಒಬ್ಬರ ಮುಖ ಇದ್ದಂಗೆ ಇನ್ನೊಬ್ಬರದಿಲ್ಲ, ಒಂದೊಂದೇ ಸಾಲು ನೋಡ್ತಾ ಹೋದ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಅದ್ರಲ್ಲಿ ಹಳೇ ಚಿತ್ರಕಾರರ ಸಣ್ಣ ಕುಂಚದ ತಾಳ್ಮೆ ಎದ್ದು ಕಾಣುತ್ತೆ. ಇನ್ನು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ರವಿವರ್ಮನ ಲಕ್ಷ್ಮಿ ಥರ ತಾವೇ ವೇಷ ಹಾಕ್ಕೊಂಡು ನಿಂತು ಫೋಟೋ ತೆಗೆಸ್ಕೊಂಡವ್ರು, ಫೋಟೋಗ್ರಾಫರ್ ಕ್ಲೇರ್ ಆರ್ನಿ ಜೊತೆ ಸೇರಿ 2000ದಿಂದ 2004ರ ತನಕ ಆ ಸರಣಿ ಮಾಡಿದ್ರು. ನಮ್ಮನೆ ದೇವರ ಕೋಣೆ ಪಟ ಯಾರ ಕಲ್ಪನೆ ಅಂತ ಆಮೇಲೆ ಯೋಚ್ನೆ ಹತ್ತುತ್ತೆ ನೋಡಿ.

ಪ್ರಶ್ನೆ: ನಮ್ಮ ದೀವರ ಮನೇಲಿ ಗೋಡೆ ಮೇಲೆ ಹಸೆ ಚಿತ್ತಾರ ಬರೀತೀವಿ, ಮಗಳಿಗೂ ಬರುತ್ತೆ. ಈಗ ಆರ್ಟ್ ಕಾಲೇಜಲ್ಲಿದಾಳೆ, ಚಿತ್ತಾರದಲ್ಲಿ ಸ್ಕೂಟರು, ಮೊಬೈಲ್ ಟವರ್ ಬರೀತೀನಿ ಅಂತಾಳೆ. ಅವಳ ಅಜ್ಜಿಗೆ ಸಿಟ್ಟು. ಏನ್ಮಾಡ್ಲಿ?
- ಒಬ್ಬ ತಾಯಿ, ಸಾಗರ

ಉತ್ತರ: ಅಮ್ಮಾ, ಬರೀಲಿ ಬಿಡಿ, ಆದ್ರೆ ಮದುವೆಮನೆ ಹಸೆಗೋಡೆ ಮೇಲೆ ಬೇಡ, ಅದು ಅಜ್ಜಿಯ ಗೋಡೆ. ಕಾಗದದ ಮೇಲೆ ಬರೀಲಿ. ಕೆಮ್ಮಣ್ಣು, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ, ಇದೆಲ್ಲಾ ಅಜ್ಜಿ ಕೈಯಿಂದಲೇ ಪೂರ್ತಿ ಕಲ್ತ್ಕೊಳ್ಲಿ ಮೊದ್ಲು, ಆ ಗೆರೆ ಕೈಗೆ ಕೂತ ಮೇಲೆ ಟವರೂ ತೇರಿನ ಥರನೇ ಬರುತ್ತೆ ಅಂತ ನನ್ನ ನಂಬಿಕೆ. ಅಕ್ರಿಲಿಕ್ ಬಳಸಿದ್ರೂ ನನ್ನ ತಕರಾರಿಲ್ಲ, ಅಜ್ಜಿದು ಇರಬಹುದು. ಮಾರೋಕೆ ಹೊರಟ್ರೆ ರೇಟು ಅವಳೇ ಹೇಳ್ಲಿ, ಮಧ್ಯದವರು ಹೇಳೋದಲ್ಲ. ಚಿತ್ರದ ಮೂಲೇಲಿ ಹೆಸರೂ ಹಾಕ್ಲಿ, ಯಾರೋ ಫೋಟೋ ಹೊಡ್ಕೊಂಡು ಕುರ್ತಾ ಮೇಲೆ ಪ್ರಿಂಟ್ ಮಾಡಿಸಿ ಮಾರಿದ್ರೆ ಹೋಗಿ ಕೇಳೋಕೆ ಅದೊಂದಾದ್ರೂ ಇರುತ್ತೆ.