ಅಪ್ಪನ ಫ್ಲ್ಯಾಟು, ಅಣ್ಣನ ಹೆಸರು

ಪ್ರಶ್ನೆ: ಮುಂಬೈ ಬಳಿಯ ಡೊಂಬಿವಲಿಯ ಹೌಸಿಂಗ್ ಸೊಸೈಟಿಯಲ್ಲಿ ಅಪ್ಪ ಸ್ವಂತ ದುಡಿಮೆಯಿಂದ ಕೊಂಡ ಫ್ಲ್ಯಾಟಿದೆ. ಕಳೆದ ವರ್ಷ ತೀರಿಕೊಂಡರು, ವಿಲ್ ಬರೆದಿಲ್ಲ. ಅಮ್ಮ, ಅಣ್ಣ, ನಾನು ಇದ್ದೇವೆ. ಅಣ್ಣ ನಾಮಿನಿ. ಸೊಸೈಟಿಯ ಸದಸ್ಯತ್ವ ತೋರಿಸುವ ಷೇರು ಪತ್ರದ ಹಿಂಬದಿಯಲ್ಲಿ ಅಪ್ಪನ ಹೆಸರಿನ ಕೆಳಗೆ ನೀಲಿ ಶಾಯಿಯಲ್ಲಿ ಅಣ್ಣನ ಹೆಸರು ಬರೆದಿದ್ದಾರೆ. 'ನಿನಗಿನ್ನೇನೂ ಇಲ್ಲ' ಅನ್ನುತ್ತಿದ್ದಾನೆ. ನಿಜವೇ?

ಉತ್ತರ: ಖಂಡಿತ ಅಲ್ಲ, ತಂಗೀ. ಆ ನೀಲಿ ಸಾಲು ನೋಡಿ ನಿಮ್ಮ ಎದೆ ಒಡೆದಿರಬೇಕು. ಆದರೆ ನಾಮಿನಿ ಮಾಲೀಕನಲ್ಲ. ಮಹಾರಾಷ್ಟ್ರದ ಸಹಕಾರಿ ಕಾಯ್ದೆಗೆ 2019ರಲ್ಲಿ ಸೇರಿದ 154ಬಿ-13ನೇ ಕಲಮಿನ ಪ್ರಕಾರ, ವಾರಸುದಾರರು ಸದಸ್ಯರಾಗುವವರೆಗೆ ನಾಮಿನಿ ತಾತ್ಕಾಲಿಕ ಸದಸ್ಯ ಮಾತ್ರ. 2016ರಲ್ಲಿ ಪಶ್ಚಿಮ ಬಂಗಾಳದ ಇಂದ್ರಾಣಿ ವಾಹಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಲ್ಲಿನ ಕಾನೂನಿನಂತೆ ಸೊಸೈಟಿ ನಾಮಿನಿಗೇ ಷೇರು ವರ್ಗಾಯಿಸಬೇಕು ಎಂದಿತು. ಇದನ್ನು ಅಣ್ಣ ಎತ್ತಬಹುದು. ಆದರೆ ಅದೇ ತೀರ್ಪು, ಉಳಿದವರು ವಾರಸಾ ಹಕ್ಕಿಗಾಗಿ ದಾವೆ ಹೂಡಬಹುದು ಎಂದೂ ಹೇಳಿದೆ.

ಹಿಂದೂ ಉತ್ತರಾಧಿಕಾರ ಕಾಯ್ದೆ ನಿಮಗೆ ಅನ್ವಯಿಸಿದರೆ ಮೂವರಿಗೂ ಸಮಪಾಲು. ಮದುವೆಯಾಗಿದ್ದರೂ ಅಷ್ಟೇ.

ಈ ವಾರವೇ ಸೊಸೈಟಿ ಕಾರ್ಯದರ್ಶಿಗೆ ಆಕ್ಷೇಪಣೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತು ಬೇಡವೇ ಬೇಡ. ಯಾರ ಪಾಲೆಷ್ಟು ಎಂದು ಸಮಿತಿ ತೀರ್ಮಾನಿಸುವಂತಿಲ್ಲ, ಅದು ಸಿವಿಲ್ ಕೋರ್ಟಿನ ಕೆಲಸ. ಅಣ್ಣ ಮಾರಲು ಹೊರಟರೆ ಪಾಲಿನ ದಾವೆಯ ಜೊತೆಗೇ ತಡೆಯಾಜ್ಞೆ ಕೇಳಿ.

ಒಂದು ಮಾತು ಒತ್ತಿ ಹೇಳುತ್ತೇನೆ: 'ಬರೀ ಫಾರ್ಮಾಲಿಟಿ' ಎಂದು ಮುಂದಿಡುವ ಹಕ್ಕು ಬಿಡುಗಡೆ ಪತ್ರಕ್ಕೆ ನೀವೂ ಅಮ್ಮನೂ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.