ಡೌನ್ ಸಿಂಡ್ರೋಮ್ ಇರುವ ತಮ್ಮನನ್ನು ಪಾಠವೇ ಮಾಡದ ಆರ್ಟ್ ಸ್ಟುಡಿಯೋಗೆ ಸೇರಿಸಬಹುದಾ?

ನಿಮ್ಮ ತಮ್ಮನಿಗೆ 26 ವರ್ಷ, ಡೌನ್ ಸಿಂಡ್ರೋಮ್ ಇದೆ. ಅಂಗವಿಕಲ ಕಲಾವಿದರಿಗೆಂದೇ ಇರುವ ಸ್ಟುಡಿಯೋಗೆ ಸೇರಿಸೋಣ ಅಂದರೆ ಅಲ್ಲಿ ಯಾರೂ ಪಾಠ ಮಾಡುವುದಿಲ್ಲವಂತೆ, ಸುಮ್ನೆ ಕಾಲ ಕಳೆಯುವ ಜಾಗವಾ ಅಂತ ಕೇಳಿದ್ದೀರಿ. ಇಂಥದ್ದೇ ಒಂದು ಸ್ಟುಡಿಯೋದಲ್ಲಿ ನಾನು ಆರು ವರ್ಷದಿಂದ ಸಹಾಯಕಿ. ಪಾಠ ಮಾಡುವುದಿಲ್ಲ ಅನ್ನುವುದು ನಿಜ. ಬೇಕಂತಲೇ ಮಾಡುವುದಿಲ್ಲ.

ಹೊಸದರಲ್ಲಿ ನನಗೂ ಇದು ಅರ್ಥವಾಗಿರಲಿಲ್ಲ. ಒಬ್ಬ ಹುಡುಗಿ ದಿನವೂ ನೀಲಿ ಬಣ್ಣದಲ್ಲಿ ಸುತ್ತು ಬರೆಯುತ್ತಿದ್ದಳು. ಒಂದರೊಳಗೆ ಒಂದು, ಹಾಳೆ ತುಂಬುವವರೆಗೆ. ತಿಂಗಳುಗಟ್ಟಲೆ ಅದೇ. ಒಂದು ದಿನ ತಡೆಯಲಾರದೆ ನಾನೇ ಬ್ರಷ್ ತೆಗೆದುಕೊಂಡು ಒಂದು ಸುತ್ತಿಗೆ ಕಣ್ಣು, ಮೂಗು ಬರೆದೆ. ಅವಳು ಏನೂ ಅನ್ನಲಿಲ್ಲ. ಅದರ ಮೇಲೆ ಕಪ್ಪು ಬಳಿದಳು, ಹಾಳೆ ಮಗುಚಿಟ್ಟಳು, ಗೋಡೆ ಕಡೆ ತಿರುಗಿ ಕೂತಳು. ವಾರವಾದರೂ ಬ್ರಷ್ ಮುಟ್ಟಲಿಲ್ಲ. ನನಗೆ ಇವತ್ತಿಗೂ ಅದು ಚುಚ್ಚುತ್ತದೆ. ಅವತ್ತಿನಿಂದ ಯಾರ ಹಾಳೆಗೂ ಕೈ ಹಾಕಿಲ್ಲ.

ಮತ್ತೆ ನಾವು ಮಾಡುವುದೇನು? ಅಡ್ಡಿ ತೆಗೆಯುವುದು. ಬೆರಳು ಬಿಗಿ ಇರುವವರಿಗೆ ಬ್ರಷ್ಷಿನ ಹಿಡಿಗೆ ಸ್ಪಂಜ್ ಸುತ್ತಿ ದಪ್ಪ ಮಾಡಿಕೊಡುತ್ತೇವೆ. ಕೈ ನಡುಗುವವರ ಹಾಳೆಯನ್ನು ಮೇಜಿಗೆ ಟೇಪ್ ಹಾಕಿ ಅಂಟಿಸುತ್ತೇವೆ. ಬಣ್ಣದ ಬಟ್ಟಲು ಜಾರದಂತೆ ಅದರ ಕೆಳಗೆ ಒದ್ದೆ ಬಟ್ಟೆ ಇಡುತ್ತೇವೆ. ಮಾತು ಬಾರದವರ ಮುಂದೆ ಎರಡು ಬಣ್ಣದ ಬಾಟಲಿ ಹಿಡಿದು ಕಾಯುತ್ತೇವೆ. ಈ ಕಾಯುವುದೇ ಎಲ್ಲಕ್ಕಿಂತ ಕಷ್ಟ.

ಜೂಡಿತ್ ಸ್ಕಾಟ್ ಎಂಬ ಕಲಾವಿದೆಯ ಕತೆ ನಿಮಗೆ ಹೇಳಲೇಬೇಕು. 1943ರಲ್ಲಿ ಅಮೆರಿಕದಲ್ಲಿ ಹುಟ್ಟಿದವರು. ಅವರಿಗೂ ಡೌನ್ ಸಿಂಡ್ರೋಮ್ ಇತ್ತು, ಕಿವಿಯೂ ಕೇಳುತ್ತಿರಲಿಲ್ಲ. ಕಿವಿಯ ವಿಷಯ ಎಷ್ಟೋ ವರ್ಷ ಯಾರಿಗೂ ಗೊತ್ತೇ ಆಗಲಿಲ್ಲ. ಸುಮಾರು 35 ವರ್ಷ ಮನೆಯಿಂದ ದೂರ, ಸರ್ಕಾರಿ ಆಶ್ರಯದಲ್ಲೇ ಕಳೆದರು. ಅವರ ಅವಳಿ ಸೋದರಿ ಜಾಯ್ಸ್ ಹಟ ಹಿಡಿದು ತಮ್ಮ ಜೊತೆ ಕರೆತಂದರು. 1987ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿರುವ ಕ್ರಿಯೇಟಿವ್ ಗ್ರೋತ್ ಸ್ಟುಡಿಯೋಗೆ ಸೇರಿಸಿದರು. ಫ್ಲಾರೆನ್ಸ್ ಮತ್ತು ಎಲಿಯಾಸ್ ಕಾಟ್ಜ್ ದಂಪತಿ 1974ರಲ್ಲಿ ಶುರು ಮಾಡಿದ ಜಾಗ ಅದು. ಮೊದಮೊದಲು ಜೂಡಿತ್ ಅವರಿಗೆ ಚಿತ್ರದಲ್ಲಿ ಆಸಕ್ತಿಯೇ ಹುಟ್ಟಲಿಲ್ಲ. ಆದರೂ ಯಾರೂ ಮನೆಗೆ ಕಳಿಸಲಿಲ್ಲ. ಒಂದು ದಿನ ನೂಲು ಕೈಗೆ ಸಿಕ್ಕಿತು, ಕಡ್ಡಿಗಳಿಗೆ ಸುತ್ತಲು ಶುರು ಮಾಡಿದರು. 2005ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಆ ನೂಲಿನ ಶಿಲ್ಪಗಳು ಇವತ್ತು ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿವೆ.

ನಿಮ್ಮ ತಮ್ಮನೂ ಹಾಗೇ ಹೆಸರು ಮಾಡುತ್ತಾನೆ ಅಂತ ಹೇಳುತ್ತಿಲ್ಲ. ಶುರುವಿನಲ್ಲಿ ಏನೂ ಮಾಡದೆ ಕೂತರೆ ಗಾಬರಿಯಾಗಬೇಡಿ ಅಂತಷ್ಟೇ.

ಸೇರಿಸುವ ಮುಂಚೆ ಒಮ್ಮೆ ಹೋಗಿ ನೋಡಿ. ಎಲ್ಲರೂ ಒಂದೇ ಚಿತ್ರಕ್ಕೆ ಬಣ್ಣ ತುಂಬುತ್ತಾ ಕೂತಿದ್ದರೆ ಅದು ಸ್ಟುಡಿಯೋ ಅಲ್ಲ. ಚಿತ್ರ ಮಾರಾಟವಾದರೆ ಬರೆದವರಿಗೆ ಎಷ್ಟು ಪಾಲು ಅಂತ ಬಾಯಿ ಬಿಟ್ಟು ಕೇಳಿ. ಒಳ್ಳೆಯ ಜಾಗದವರು ಲೆಕ್ಕ ತೋರಿಸುತ್ತಾರೆ. ಚಿತ್ರದ ಜೊತೆ ಅವನ ಹೆಸರು ಹಾಕುತ್ತಾರಾ ಅನ್ನುವುದನ್ನೂ ಕೇಳಿ.

ಇನ್ನೊಂದು ಮಾತು. ಮನೆಯಲ್ಲಿ ಅವನ ಕೈ ತಾನಾಗಿ ಯಾವುದರ ಮೇಲೆ ಹೋಗುತ್ತದೆ? ದಾರ ಎಳೆಯುತ್ತಾನಾ, ಕಾಗದ ಹರಿಯುತ್ತಾನಾ, ಬಟ್ಟೆ ಮಡಿಸುತ್ತಾನಾ? ಅದನ್ನು ಮೊದಲ ದಿನವೇ ಅಲ್ಲಿನವರಿಗೆ ಹೇಳಿ. ನಮಗೆ ಯಾವ ಸರ್ಟಿಫಿಕೇಟಿಗಿಂತ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.