ಮಗ ತಿಂಗಳಿಗೊಂದು ದಾರಿ ಹಿಡಿಯುತ್ತಾನೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ, ಸ್ವಲ್ಪ ಅಡಿಕೆ ತೋಟ ಇದೆ. ಮಗನಿಗೆ 18. ಶಿವಮೊಗ್ಗದಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿಎಸ್ಸಿ ಓದುತ್ತಿದ್ದಾನೆ. ಕೋರ್ಸ್ ಆರಿಸಿದ್ದು ಅವರಪ್ಪ. ಒಂದು ತಿಂಗಳು ಪೊಲೀಸ್ ಪರೀಕ್ಷೆ ಬರೀತೀನಿ ಅಂತಾನೆ, ಇನ್ನೊಂದು ತಿಂಗಳು ಬೆಂಗಳೂರಿಗೆ ಹೋಗ್ತೀನಿ ಅಂತಾನೆ. ಮಾರ್ಕ್ಸ್ ಯಾಕೆ ಕಡಿಮೆ ಅಂದ್ರೆ, ‘ಎಲ್ಲಾ ಲಕ್ ಅಮ್ಮ, ನಮ್ಮ ಕೈಲೇನಿದೆ’ ಅಂತಾನೆ. ಪಕ್ಕದ ಮನೆ ಹುಡುಗ ಹೈಸ್ಕೂಲಿನಲ್ಲೇ ಇಂಜಿನಿಯರ್ ಆಗ್ತೀನಿ ಅಂತ ಗಟ್ಟಿಯಾಗಿದ್ದ. ಇವನ್ಯಾಕೆ ಹೀಗೆ?

ಉತ್ತರ: ಮೊದಲು ಪಕ್ಕದ ಮನೆ ಹುಡುಗನನ್ನು ಬಿಟ್ಟುಬಿಡಿ. ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಮಾರ್ಷಿಯಾ 1966ರಲ್ಲಿ ಈ ವಯಸ್ಸಿನವರನ್ನು ನಾಲ್ಕು ಬಗೆಯಾಗಿ ನೋಡಿದರು. ಹುಡುಕಿ ನಿರ್ಧರಿಸಿದವರು, ಇನ್ನೂ ಹುಡುಕುತ್ತಿರುವವರು, ಹುಡುಕದೆ ಮನೆಯವರ ಮಾತಿಗೆ ಒಪ್ಪಿಕೊಂಡವರು, ಹುಡುಕಾಟವೂ ನಿರ್ಧಾರವೂ ಇಲ್ಲದವರು. ಬೇಗ ಗಟ್ಟಿಯಾದವರೆಲ್ಲ ಯೋಚಿಸಿಯೇ ಗಟ್ಟಿಯಾಗಿರುತ್ತಾರೆ ಅಂತೇನಿಲ್ಲ. ನಿಮ್ಮ ಮಗ ಹುಡುಕುತ್ತಿರುವವರ ಸಾಲಿನಲ್ಲಿರುವ ಹಾಗೆ ಕಾಣುತ್ತದೆ. 18ಕ್ಕೆ ಇದು ಮಾಮೂಲು.

ನನಗೆ ಜಾಸ್ತಿ ಚಿಂತೆಯಾಗಿದ್ದು ಆ ‘ಲಕ್’ ಅನ್ನುವ ಮಾತು. ಆಗುವುದೆಲ್ಲ ನನ್ನಿಂದ ಅಂತ ಕೆಲವರು ನಂಬುತ್ತಾರೆ, ಅದೃಷ್ಟದಿಂದ ಅಥವಾ ಬೇರೆಯವರಿಂದ ಅಂತ ಇನ್ನು ಕೆಲವರು. ಜೂಲಿಯನ್ ರಾಟರ್ ಎಂಬ ಮನಃಶಾಸ್ತ್ರಜ್ಞರು ಇದನ್ನು ಅಳೆಯುವ ಪ್ರಶ್ನಾವಳಿಯನ್ನೂ ಮಾಡಿದ್ದರು. ಈ ನಂಬಿಕೆ ಹೆಚ್ಚಾಗಿ ಅನುಭವದಿಂದ ಬೆಳೆಯುತ್ತದೆ. ಕೋರ್ಸ್ ಅಪ್ಪ ಆರಿಸಿದ್ದಾರೆ. ತನ್ನ ಕೈಲಿ ಏನೂ ಇಲ್ಲ ಅಂತ ಅವನಿಗೆ ಅನಿಸಿದರೆ ತಪ್ಪೇನು, ಅಲ್ವಾ?

ಹಾಗಂತ ಮನಸ್ಸು ಮಾಡಿದರೆ ಎಲ್ಲಾ ಆಗುತ್ತೆ ಅಂತ ಭಾಷಣ ಬಿಗಿಯಬೇಡಿ. ಮಲೆನಾಡಿನ ಹುಡುಗರು ಅದನ್ನು ನಂಬಲ್ಲ. ಮಳೆ, ಎಲೆಚುಕ್ಕಿ ರೋಗ, ಅಡಿಕೆ ರೇಟು, ಇದ್ಯಾವುದೂ ನಮ್ಮ ಮಾತು ಕೇಳಲ್ಲ ಅಂತ ಅವನು ಕಣ್ಣಾರೆ ನೋಡಿದ್ದಾನೆ. ಆದರೆ ಮಳೆ ಹಿಡಿಯುವ ಮುಂಚೆ ಒಂದು ಸಲ, ಆಮೇಲೆ 40–45 ದಿನಕ್ಕೆ ಇನ್ನೊಂದು ಸಲ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವುದು ನಮ್ಮ ಕೈಲಿದೆ. ಮಾರ್ಕ್ಸ್ ವಿಷಯವನ್ನೂ ಹೀಗೇ ಬಿಡಿಸಿ ಕೇಳಿ. ಪೇಪರ್ ಕಷ್ಟ ಇತ್ತು, ಸರಿ. ಯಾವ ಪಾಠ ಓದದೆ ಬಿಟ್ಟಿದ್ದೆ?

ಇನ್ನು, ಅವನಿಗೆ ಒಂದು ನಿಜವಾದ ಜವಾಬ್ದಾರಿ ಕೊಡಿ. ತೋಟದಲ್ಲಿ ಕಾಳುಮೆಣಸಿನ ಬಳ್ಳಿ ಇದ್ದರೆ ಈ ವರ್ಷದ ಮೆಣಸು ಅವನದು. ಯಾವಾಗ ಕೊಯ್ಯಿಸಬೇಕು, ಈಗಲೇ ಮಾರಬೇಕಾ, ಇಡಬೇಕಾ, ಎಲ್ಲ ಅವನೇ ನೋಡಲಿ. ಊರಿಗೆ ಬಂದಾಗ ಲೆಕ್ಕ ಬರೆಯಲಿ. ಮಾರಿದ ಮೇಲೆ ರೇಟು ಏರಿದರೆ ‘ನಾನು ಮೊದಲೇ ಹೇಳಿರಲಿಲ್ವಾ’ ಅಂತ ಅವರಪ್ಪ ಅನ್ನಕೂಡದು. ಇದೇ ಕಷ್ಟದ ಭಾಗ, ಮಗನಿಗಲ್ಲ, ಅಪ್ಪನಿಗೆ.

ಕಾಲೇಜು ಬಿಡಿಸುವ ಮಾತು ಈಗಲೇ ಬೇಡ. ಪೊಲೀಸ್ ಅಂದರೆ ಕೆಲಸದಲ್ಲಿರುವ ಒಬ್ಬ ಕಾನ್‌ಸ್ಟೇಬಲ್ ಜೊತೆ ಕೂತು ಮಾತಾಡಿ ಬರಲಿ. ಬೆಂಗಳೂರು ಅಂದರೆ ರಜೆಯಲ್ಲಿ ಹೋಗಿ ಪಿಜಿ ಬಾಡಿಗೆ, ಊಟದ ಖರ್ಚು ತಿಳಿದುಕೊಳ್ಳಲಿ.

ಒಂದು ವಿಷಯ ಮಾತ್ರ ಗಮನಿಸಿ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ ಕೆಟ್ಟಿದ್ದರೆ, ಗೆಳೆಯರನ್ನೂ ದೂರ ಮಾಡುತ್ತಿದ್ದರೆ ವೈದ್ಯರಿಗೆ ತೋರಿಸಿ. ಬದುಕಿ ಏನು ಪ್ರಯೋಜನ ಎಂಬಂಥ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವನೂ ಮಾಡಬಹುದು, ನೀವೂ ಮಾಡಬಹುದು.